ನೆಟ್ಟಗೆ ಕೂತು ಊರು ನೋಡಲು ಒಂದು ಮೂರು ಗೇರಿನ ಸೈಕಲ್

ಸೈಕಲ್ ರಿವ್ಯೂ ಬರೆಯುವವರು ಸಾಮಾನ್ಯವಾಗಿ ತೂಕದಿಂದ ಶುರು ಮಾಡುತ್ತಾರೆ. ಆಮೇಲೆ ವೇಗ, ಆಮೇಲೆ ಎಷ್ಟು ಗೇರು ಅನ್ನೋದು. ಬೆಟ್ಟ ಹತ್ತುವವರಿಗೆ, ರೇಸಿಗೆ ಹೋಗುವವರಿಗೆ ಅದು ಸರಿ. ನಾನು ಓಡಿಸುವುದು ಊರೊಳಗೆ, ಅದೂ ಬಹಳಷ್ಟು ಸಲ ಸುಮ್ನೆ. ಹೋಗಬೇಕಾದ ಜಾಗ ಅಂತ ಒಂದು ಇರುತ್ತೆ, ಆದರೆ ಮಧ್ಯದಲ್ಲಿ ಯಾವುದೋ ಗಲ್ಲಿ ಕರೆಯುತ್ತೆ, ಇನ್ಯಾವುದೋ ಯೋಚನೆ ಹತ್ತಿಕೊಳ್ಳುತ್ತೆ, ಹತ್ತು ನಿಮಿಷದ ದಾರಿ ಮುಕ್ಕಾಲು ಗಂಟೆ ಆಗುತ್ತೆ. ಅಂಥವರಿಗೆ ಸೈಕಲ್ ಹೇಗಿರಬೇಕು ಅಂತ ಯಾರೂ ಬರೆಯೋದಿಲ್ಲ. ಅದಕ್ಕೇ ಇದು.

ನನ್ನ ಅಳತೆಗೋಲು ಒಂದೇ. ಓಡಿಸುವಾಗ ಸೈಕಲ್ ಎಷ್ಟು ಸಲ ನೆನಪಾಗುತ್ತೆ? ಕಡಿಮೆ ನೆನಪಾದಷ್ಟೂ ಒಳ್ಳೆಯದು. ಚೈನ್ ಕಿರ್ ಅಂದರೆ ನೆನಪಾಗುತ್ತೆ, ಗೇರು ಜಾರಿದರೆ ನೆನಪಾಗುತ್ತೆ, ಕುತ್ತಿಗೆ ನೋವಾದರೆ ನೆನಪಾಗುತ್ತೆ. ಪ್ರತಿ ಸಲ ನೆನಪಾದಾಗಲೂ ತಲೆಯಲ್ಲಿ ಓಡುತ್ತಿದ್ದ ಯೋಚನೆ ತುಂಡಾಗುತ್ತೆ, ಕಣ್ಣು ರಸ್ತೆಬದಿ ಬಿಟ್ಟು ಕಾಲ ಕೆಳಗೆ ಬರುತ್ತೆ. ನಾನು ಓಡಿಸುವ ಸೈಕಲ್ ಈ ಲೆಕ್ಕದಲ್ಲಿ ಚೆನ್ನಾಗಿದೆ, ಆದರೆ ಪೂರ್ತಿ ಅಲ್ಲ. ಎರಡು ಮೂರು ವಿಷಯಕ್ಕೆ ಅದನ್ನು ಬೈದುಕೊಂಡೇ ಓಡಿಸುತ್ತೇನೆ.

ಬ್ರಾಂಡ್ ಹೆಸರು ಬೇಡ, ಈ ಮಾದರಿಯ ಸೈಕಲ್ಲನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಎಲ್ಲದರ ಒಳಗೂ ಹೆಚ್ಚುಕಮ್ಮಿ ಅದೇ ಸಾಮಾನು. ಉಕ್ಕಿನ ಫ್ರೇಮು. ಹಿಂದಿನ ಚಕ್ರದ ಹಬ್ಬಿನೊಳಗೇ, ಅಂದರೆ ಚಕ್ರದ ನಟ್ಟನಡುವಿನ ದಪ್ಪ ಭಾಗದೊಳಗೇ, ಮೂರು ಗೇರು. ಮುಂದಿನ ಹಬ್ಬಿನಲ್ಲಿ ಡೈನಮೋ. ಮುಂದೆ ರಿಮ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಚೈನಿಗೆ ಪೂರ್ತಿ ಮುಚ್ಚಿದ ಕವರ್, ಎರಡೂ ಚಕ್ರಕ್ಕೆ ಮಡ್‌ಗಾರ್ಡ್, ಹಿಂದೆ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್. ಹ್ಯಾಂಡಲ್ ನಮ್ಮ ಕಡೆಗೆ ಬಾಗಿ ಬಂದಿರುತ್ತೆ. ಎಲ್ಲ ಸೇರಿ ಸುಮಾರು 17 ಕೆಜಿ. ಹೌದು, ಭಾರ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಕೂರುವ ಭಂಗಿ. ಈ ಸೈಕಲ್ ಮೇಲೆ ಬೆನ್ನು ನೆಟ್ಟಗಿರುತ್ತೆ, ಕೈ ಸಡಿಲವಾಗಿರುತ್ತೆ, ತಲೆ ಎಲ್ಲಾ ಕಡೆ ತಿರುಗುತ್ತೆ. ರೇಸ್ ಸೈಕಲ್ ಮೇಲೆ ಬಗ್ಗಿ ಕೂತವರಿಗೆ ಕಾಣುವುದು ಮುಂದಿನ ಡಾಂಬರು. ಇಲ್ಲಿ ಕೂತರೆ ಕಾರುಗಳ ತಲೆಯ ಮೇಲಿಂದ ಆಚೆ ಬದಿ ಕಾಣುತ್ತೆ, ಕಾಂಪೌಂಡ್ ಗೋಡೆಯ ಒಳಗೂ ಸ್ವಲ್ಪ ಇಣುಕಬಹುದು. ಬಸ್ ಸ್ಟಾಪ್ ಹತ್ತಿರ ಬಂದಾಗ ಗಮನಿಸಿ, ಅಲ್ಲಿ ನಿಂತವರೆಲ್ಲ ಒಂದೇ ದಿಕ್ಕಿಗೆ ಕತ್ತು ಚಾಚಿರುತ್ತಾರೆ. ನಾವು ಬರುವುದೂ ಆ ದಿಕ್ಕಿನಿಂದಲೇ. ಹಾಗಾಗಿ ಒಂದು ಕ್ಷಣ ಎಲ್ಲರೂ ನಮ್ಮನ್ನೇ ನೋಡುತ್ತಾರೆ, ಬಸ್ಸಲ್ಲ ಅಂತ ಗೊತ್ತಾದ ಕೂಡಲೇ ನಮ್ಮ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾರೆ. ಅಷ್ಟು ಜನಕ್ಕೆ ಒಟ್ಟಿಗೆ ನಿರಾಸೆ ಮಾಡುವ ಅವಕಾಶ ಬೇರೆಲ್ಲಿ ಸಿಗುತ್ತೆ ಹೇಳಿ.

ಗಂಟೆಗೆ 15 ಕಿ.ಮೀ. ಅಂದರೆ ನಿಮಿಷಕ್ಕೆ 250 ಮೀಟರ್. ನಡೆಯುವವರಿಗೆ ಇದರ ಮೂರನೇ ಒಂದು ಭಾಗ. ನಡೆದರೆ ಒಂದು ರಸ್ತೆ ನೋಡುವಷ್ಟರಲ್ಲಿ ಬೇಜಾರು ಬಂದುಬಿಡಬಹುದು, ಕಾರಿನಲ್ಲಿ ಹೋದರೆ ರಸ್ತೆಯೇ ಕಾಣುವುದಿಲ್ಲ. ಈ ವೇಗದಲ್ಲಿ ಪ್ರತಿಯೊಂದೂ ಎರಡು ಮೂರು ಸೆಕೆಂಡ್ ಕಣ್ಣೆದುರು ಇರುತ್ತೆ. ಒಬ್ಬ ಟೈಲರ್ ಬಾಗಿಲ ಬೆಳಕಿಗೆ ಮುಖ ಮಾಡಿ ಸೂಜಿಗೆ ದಾರ ಪೋಣಿಸುತ್ತಿರುತ್ತಾನೆ, ದಾರದ ತುದಿ ತುಟಿಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ. ದಾರ ಒಳಗೆ ಹೋಯಿತಾ ಇಲ್ಲವಾ ಅಂತ ನಮಗೆ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಮುಂದಿನ ಅಂಗಡಿ. ಅಲ್ಲಿ ಶಟರ್ ಅರ್ಧ ಎತ್ತಿ, ಅದರಡಿಯಲ್ಲಿ ಬಗ್ಗಿ ಒಳಗೆ ಹೋಗುತ್ತಿರುವವನ ಎರಡು ಕಾಲು ಮಾತ್ರ. ಅದಾದ ಮೇಲೆ ಮೂರನೇ ಮಹಡಿಯ ಬಾಲ್ಕನಿಯಿಂದ ಗಿಡಕ್ಕೆ ಹಾಕಿದ ನೀರು ತೊಟ್ಟಿಕ್ಕುತ್ತಾ ಕೆಳಗಿನ ಮನೆಯ ಒಣಹಾಕಿದ ಬಟ್ಟೆ ಮೇಲೆ ಬೀಳುತ್ತಿರುತ್ತೆ. ಇದೊಂದು ಜಗಳಕ್ಕೆ ಮುನ್ನುಡಿ ಅಂತ ನಮಗೆ ಮಾತ್ರ ಗೊತ್ತು. ನಿಂತು ಹೇಳೋಣವಾ ಅಂತ ಯೋಚಿಸುವಷ್ಟರಲ್ಲಿ ಮೂಲೆ ತಿರುಗಿರುತ್ತೇವೆ.

ಇನ್ನು ಗೇರು. ಹಬ್ ಗೇರಿನ ದೊಡ್ಡ ಲಾಭ ಏನು ಅಂದರೆ ನಿಂತಲ್ಲೇ ಗೇರು ಬದಲಿಸಬಹುದು. ಹಿಂದೆ ಹಲ್ಲುಚಕ್ರಗಳ ಗೊಂಚಲು ಇರುವ ಸೈಕಲ್‌ನಲ್ಲಿ ಚೈನ್ ಒಂದರಿಂದ ಇನ್ನೊಂದಕ್ಕೆ ಹತ್ತಬೇಕು, ಅದಕ್ಕೆ ಪೆಡಲ್ ತಿರುಗುತ್ತಲೇ ಇರಬೇಕು. ಕೆಂಪು ದೀಪ ಬಂತು, ಸಟಕ್ಕನೆ ನಿಂತಿರಿ, ಗೇರು ಇಳಿಸಲು ಆಗಲಿಲ್ಲ, ಹಸಿರು ಬಂದಾಗ ಭಾರದ ಗೇರಿನಲ್ಲಿ ಎದ್ದು ನಿಂತು ತುಳಿಯುತ್ತಾ ಒದ್ದಾಡಬೇಕು, ಹಿಂದಿನಿಂದ ಹಾರ್ನ್ ಬೇರೆ. ಹಬ್ ಗೇರಿನಲ್ಲಿ ಆ ತಾಪತ್ರಯ ಇಲ್ಲ. ನಿಂತುಕೊಂಡೇ ಹ್ಯಾಂಡಲ್ ಮೇಲಿನ ಗೇರಿನ ಹಿಡಿಯನ್ನು ಒಂದಕ್ಕೆ ತಿರುಗಿಸಿ, ಮುಗಿಯಿತು. ಸಿಗ್ನಲ್‌ನಲ್ಲಿ ಉಳಿದ ಸಮಯವೆಲ್ಲ ನಿಮ್ಮದು. ಪಕ್ಕದ ಸ್ಕೂಟರ್ ಹಿಂದಿನ ಸೀಟಿನಲ್ಲಿ ಅಮ್ಮನ ಸೊಂಟ ಹಿಡಿದು ಕೂತ ಮಗು ನಿಮ್ಮ ಬೆಲ್ಲನ್ನೇ ನೋಡುತ್ತಿರುತ್ತೆ. ಒಂದು ಸಲ ಬಾರಿಸಿ. ನಗಬಹುದು, ನಗದೇ ಇರಬಹುದು. ಮಕ್ಕಳ ಮುಖ ಸಿಗ್ನಲ್ ದೀಪದಷ್ಟು ಸುಲಭವಾಗಿ ಅರ್ಥ ಆಗುವುದಿಲ್ಲ.

ಒಳಗೆ ಏನಿದೆ ಅಂತ ಕುತೂಹಲ ಇದ್ದವರಿಗೆ: ಹಬ್ಬಿನ ನಡುವೆ ಒಂದು ಸಣ್ಣ ಹಲ್ಲುಚಕ್ರ ಅಲುಗದೆ ಕೂತಿರುತ್ತೆ. ಅದರ ಸುತ್ತ ಮೂರೋ ನಾಲ್ಕೋ ಚಿಕ್ಕ ಚಕ್ರಗಳು ಸುತ್ತುತ್ತವೆ, ಅವನ್ನೆಲ್ಲ ಒಳಗೆ ಹಲ್ಲಿರುವ ಒಂದು ಬಳೆ ಸುತ್ತುವರಿದಿರುತ್ತೆ. ಚೈನ್ ಬಳೆಯನ್ನು ತಿರುಗಿಸಿ, ಸೈಕಲ್ಲಿನ ಚಕ್ರವನ್ನು ಒಳಗಿನ ಆ ಚಿಕ್ಕ ಚಕ್ರಗಳು ಎಳೆದರೆ ಹಗುರ ಗೇರು. ಅದೇ ತಿರುಗುಮುರುಗಾದರೆ ಭಾರದ ಗೇರು. ಎರಡೂ ಬೇಡ, ನೇರ ಸಂಪರ್ಕ ಅಂದರೆ ನಡುವಿನ ಗೇರು. ಇದು ಹೊಸದೇನಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಶುರುವಾದ ಸ್ಟರ್ಮಿ-ಆರ್ಚರ್ ಕಂಪನಿ ಇಂಥ ಮೂರು ಗೇರಿನ ಹಬ್ಬಿನಿಂದಲೇ ಹೆಸರು ಮಾಡಿತು. 1936ರಲ್ಲಿ ಬಂದ ಅವರ ಎಡಬ್ಲ್ಯೂ ಮಾದರಿಯಲ್ಲಿ ನಡುವಿನ ಗೇರಿಗಿಂತ ಮೊದಲನೆಯದು ಶೇ. 25 ಹಗುರ, ಮೂರನೆಯದು ಶೇ. 33 ಭಾರ. ಇವತ್ತಿನ ಹಬ್ಬುಗಳೂ ಅದರ ಆಸುಪಾಸಿನಲ್ಲೇ ಇವೆ. ಇಷ್ಟು ವರ್ಷ ಯಾರೂ ಆ ಲೆಕ್ಕ ಕೆಡಿಸಲು ಹೋಗಿಲ್ಲ ಅಂದರೆ ಊರಿಗೆ ಅದು ಸರಿಹೊಂದುತ್ತೆ ಅಂತಲೇ ಅಲ್ವಾ.

ನನ್ನದರಲ್ಲಿ ಮುಂದೆ 38 ಹಲ್ಲು, ಹಿಂದೆ 18. ನಡುವಿನ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 4.6 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 16-17 ಕಿ.ಮೀ. ಅದೇ ತುಳಿತಕ್ಕೆ ಮೂರನೇ ಗೇರಿನಲ್ಲಿ 22 ಆಗುತ್ತೆ, ಮೊದಲನೆಯದರಲ್ಲಿ 12ರ ಮೇಲೆ ಸ್ವಲ್ಪ. ಸಪಾಟಾದ ಊರಿಗೆ ಇದು ಬೇಕಾದಷ್ಟಾಯಿತು. ನಾನು ಎರಡನೇ ಗೇರಿನಲ್ಲೇ ಕಾಲ ಹಾಕುತ್ತೇನೆ. ಯಾಕೆ ಅಂತ ಕೇಳಿದರೆ ಕಾರಣ ಲೆಕ್ಕದ್ದಲ್ಲ, ಶಬ್ದದ್ದು. ಈ ಹಬ್ ಮೊದಲ ಗೇರಿನಲ್ಲಿ ತುಳಿಯುವಾಗ ತೆಪ್ಪಗಿರುತ್ತೆ. ಎರಡು, ಮೂರರಲ್ಲಿ ಒಳಗೆ ಟಿಕ್ ಟಿಕ್ ಅನ್ನುತ್ತೆ. ಕೆಲವರಿಗೆ ಇದು ಕಿರಿಕಿರಿ, ಏನೋ ಕೆಟ್ಟಿದೆ ಅಂತ ಅಂಗಡಿಗೆ ತಗೊಂಡು ಹೋಗುವವರೂ ಇದ್ದಾರೆ. ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಆ ಟಿಕ್ ಟಿಕ್ ಒಂದು ಹದಕ್ಕೆ ಬಂದರೆ ನನ್ನ ತಲೆ ಬೇರೆ ಕಡೆ ಹೋಗಲು ಶುರುವಾಗುತ್ತೆ. ಬರೆಯಬೇಕಾಗಿದ್ದ ಕಾಗದ, ಎಂದೋ ಹೇಳಬೇಕಿದ್ದ ಉತ್ತರ, ಹೈಸ್ಕೂಲಿನಲ್ಲಿ ಪಕ್ಕ ಕೂರುತ್ತಿದ್ದವನ ಇನಿಷಿಯಲ್ಲು ಏನಿತ್ತು, ಹೀಗೆ. ಕೂತು ಯೋಚಿಸಿದರೆ ಇವು ಯಾವುದೂ ಬರುವುದಿಲ್ಲ.

ಅದೇ ಕಾಲು ಏರಿಗೆ ಸಿಕ್ಕಿದರೆ ಬೇರೆ ಮಾತು. ಮೂರು ಗೇರಿನ ಸೈಕಲ್ ಏರಿನಲ್ಲಿ ಸುಳ್ಳು ಹೇಳುವುದಿಲ್ಲ. ಸಣ್ಣ ಸೇತುವೆ, ಫ್ಲೈಓವರ್ ಬದಿಯ ಇಳಿಜಾರು ಎಲ್ಲ ಪರವಾಗಿಲ್ಲ. ಉದ್ದ ಏರು ಬಂದರೆ ಮೊದಲ ಗೇರಿನಿಂದ ಕೆಳಗೆ ಇನ್ನೊಂದು ಇರಬೇಕಿತ್ತು ಅನ್ನಿಸುತ್ತೆ, ಇರುವುದಿಲ್ಲ. ಇದಕ್ಕೆ ಸುಲಭ ದಾರಿ ಒಂದಿದೆ: ಹಿಂದಿನ ಹಲ್ಲುಚಕ್ರ ದೊಡ್ಡದು ಹಾಕಿಸುವುದು. 18 ತೆಗೆದು 20 ಹಲ್ಲಿನದು ಹಾಕಿದರೆ ಮೂರೂ ಗೇರು ಶೇ. 10ರಷ್ಟು ಹಗುರ ಆಗುತ್ತವೆ. ಚೈನ್ ಉದ್ದ ಸಾಲದಿದ್ದರೆ ಒಂದು ಜೋಡಿ ಕೊಂಡಿ ಸೇರಿಸಬೇಕಾದೀತು. ಹೆಚ್ಚಿನ ಸಿಟಿ ಸೈಕಲ್ಲುಗಳು ಅಂಗಡಿಯಿಂದ ಬರುವಾಗಲೇ ಭಾರದ ಕಡೆ ಇರುತ್ತವೆ ಅಂತ ನನ್ನ ಅನಿಸಿಕೆ. ಮಾರುವವರಿಗೆ ವೇಗ ತೋರಿಸಬೇಕು, ನಮಗೆ ಮಂಡಿ ಉಳಿಸಿಕೊಳ್ಳಬೇಕು.

ಗಾಳಿಯೂ ಅಷ್ಟೇ. ನೆಟ್ಟಗೆ ಕೂತವರು ಎದೆಯನ್ನೇ ಗಾಳಿಗೆ ಒಡ್ಡಿರುತ್ತಾರೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ದಾಟಲು ಬೇಕಾಗುವ ಶಕ್ತಿ ಎಂಟರಷ್ಟು. 12ರಲ್ಲಿ ಹೋಗುವವನಿಗೆ ಗಾಳಿ ಬರೀ ತಂಪು. 25ಕ್ಕೆ ಹೋಗಲು ನೋಡಿದರೆ ಅದೇ ಗಾಳಿ ಗೋಡೆ. ಎದುರುಗಾಳಿ ಇದ್ದ ದಿನ ನಾನು ಜಿದ್ದಿಗೆ ಬೀಳುವುದಿಲ್ಲ, ಗೇರು ಇಳಿಸಿ ನಿಧಾನ ಹೋಗುತ್ತೇನೆ. ರಸ್ತೆ ಬದಿಯ ಪ್ಲಾಸ್ಟಿಕ್ ಚೀಲ ಒಂದು ನನ್ನ ಪಕ್ಕದಲ್ಲೇ ಎದುರು ದಿಕ್ಕಿಗೆ ಉರುಳಿಕೊಂಡು ಹೋಗುತ್ತೆ. ಅದಕ್ಕೆ ಹಿಂಗಾಳಿ, ನನಗೆ ಎದುರು.

ಈ ಸೈಕಲ್ ನಿಧಾನ ಹೋಗುವಾಗಲೂ ಬೀಳದೆ ಚೆನ್ನಾಗಿ ನಿಲ್ಲುತ್ತೆ, ಇದು ದೊಡ್ಡ ಗುಣ. ಟ್ರಾಫಿಕ್ ತೆವಳುವಾಗ ಕಾಲು ಕೆಳಗಿಡದೆ ನಡಿಗೆಯ ವೇಗದಲ್ಲಿ ಸಾಗಬಹುದು. ಸೈಕಲ್ ಬೀಳದೆ ಯಾಕೆ ನಿಲ್ಲುತ್ತೆ ಅನ್ನೋದು ಸಿಗ್ನಲ್‌ನಲ್ಲಿ ಯೋಚಿಸಲು ಒಳ್ಳೆ ವಿಷಯ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲ್ ಮೊದಲು ಒಂದು ಕ್ಷಣ, ಕೂದಲೆಳೆಯಷ್ಟು, ಬಲಕ್ಕೆ ಹೋಗುತ್ತೆ. ಆಗ ಸೈಕಲ್ ಎಡಕ್ಕೆ ವಾಲುತ್ತೆ, ಆಮೇಲೆ ಎಡಕ್ಕೆ ತಿರುಗುತ್ತೆ. ದಿನಾ ಓಡಿಸುವ ನಾವೆಲ್ಲ ಹೀಗೇ ಮಾಡುತ್ತೇವೆ, ಕೇಳಿದರೆ ಇಲ್ಲ ಅಂತೇವೆ. ತಿರುಗುವ ಚಕ್ರಗಳಿಂದಲೇ ಸೈಕಲ್ ನಿಲ್ಲುತ್ತೆ ಅಂತ ಬಹಳ ಕಾಲ ಹೇಳಿಕೊಂಡು ಬಂದರು. 2011ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಅದನ್ನೇ ಪರೀಕ್ಷೆ ಮಾಡಿದರು. ಉಲ್ಟಾ ತಿರುಗುವ ಇನ್ನೆರಡು ಚಕ್ರ ಕೂಡಿಸಿ ಆ ಪರಿಣಾಮವನ್ನು ಇಲ್ಲವಾಗಿಸಿದ ಒಂದು ಪುಟ್ಟ ಸೈಕಲ್ ಕಟ್ಟಿದರು. ಮುಂದಿನ ಚಕ್ರ ತಾನಾಗಿ ನೇರ ಆಗಲು ನೆರವಾಗುವ ಫೋರ್ಕಿನ ಓರೆಯ ಲಾಭವನ್ನೂ ತೆಗೆದರು. ತಳ್ಳಿಬಿಟ್ಟರೆ ಅದು ಸವಾರ ಇಲ್ಲದೆಯೇ ಓಡಿತು, ಪಕ್ಕಕ್ಕೆ ತಳ್ಳಿದರೆ ಸುಧಾರಿಸಿಕೊಂಡಿತು. ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಎರಡು ಶತಮಾನದ ಹಿಂದೆ, 1817ರಲ್ಲಿ, ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಪೆಡಲ್ಲೇ ಇಲ್ಲದ ಮರದ ಗಾಡಿಯನ್ನು ಕಾಲಿನಿಂದ ನೂಕಿಕೊಂಡು ಹೊರಟಾಗ ಇದೆಲ್ಲ ಯಾರಿಗೆ ಗೊತ್ತಿತ್ತು. ಓಡಿಸಿದ, ನಿಂತಿತು, ಆಯಿತು. ಹಸಿರು ದೀಪ ಬಂದಮೇಲೆ ನಾವು ಮಾಡುವುದೂ ಅಷ್ಟೇ.

ಟೈರಿನ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. 28 ಇಂಚು ಅಂತ ಒಬ್ಬರು, 700ಸಿ ಅಂತ ಇನ್ನೊಬ್ಬರು, ಗುಡ್ಡದ ಸೈಕಲ್ ಮಾರುವವರು 29 ಅಂತಾರೆ. ಅದೆಲ್ಲ ಬಿಡಿ, ಟೈರಿನ ಪಕ್ಕೆ ಮೇಲೆ ಸಣ್ಣಕ್ಷರದಲ್ಲಿ 37-622 ಅಂತ ಇರುತ್ತೆ ನೋಡಿ. 37 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 622 ಅಂದರೆ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಮೇಲೆ ಹೇಳಿದ ಆ ಮೂರು ಹೆಸರಿಗೂ ಸಾಮಾನ್ಯವಾಗಿ ಇದೇ 622. ಕೊಳ್ಳುವಾಗ ಎರಡನೇ ಸಂಖ್ಯೆ ತಾಳೆಯಾಗಬೇಕು, ಅಗಲ ಫ್ರೇಮಿನಲ್ಲಿ ಜಾಗ ಇದ್ದಷ್ಟು. ನನ್ನ ಸಲಹೆ ಕೇಳಿದರೆ ಮಡ್‌ಗಾರ್ಡ್ ಒಪ್ಪುವಷ್ಟು ಅಗಲದ್ದು ಹಾಕಿ. 37ರಿಂದ 42ಕ್ಕೆ ಹೋದಾಗ ಗುಂಡಿಗಳು ಕಡಿಮೆಯಾಗಲಿಲ್ಲ, ಆದರೆ ಅವು ಬೆನ್ನಿಗೆ ಬಂದು ಹೇಳುವುದು ಕಡಿಮೆಯಾಯಿತು.

ಗಾಳಿ ತುಂಬಿದ ಟೈರ್ ಇಲ್ಲದಿದ್ದರೆ ಇಂಥ ಸವಾರಿಯೇ ಇರುತ್ತಿರಲಿಲ್ಲ. ಬೆಲ್‌ಫಾಸ್ಟ್‌ನಲ್ಲಿದ್ದ ದನಗಳ ಡಾಕ್ಟರ್ ಜಾನ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಅಂತ ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಅದೇ ಉಪಾಯಕ್ಕೆ ಪೇಟೆಂಟ್ ತೆಗೆದಿದ್ದ ಅನ್ನೋದು ಆಮೇಲೆ ಬೆಳಕಿಗೆ ಬಂತು. ಥಾಮ್ಸನ್ ಕಾಲದಲ್ಲಿ ಅದನ್ನು ಹಾಕಲು ಈಗಿನಂಥ ಸೈಕಲ್ಲೇ ಇರಲಿಲ್ಲ, ಪಾಪ.

ಈಗ ದೀಪ. ನನ್ನ ಮಟ್ಟಿಗೆ ಈ ಸೈಕಲ್ಲಿನ ಅತಿ ಒಳ್ಳೆಯ ಭಾಗ ಇದೇ. ಹಬ್ ಡೈನಮೋ 6 ವೋಲ್ಟ್, 3 ವಾಟ್ ಕೊಡುತ್ತೆ. ಎಲ್‌ಇಡಿಗೆ ಅದು ಧಾರಾಳ. ಚಾರ್ಜ್ ಮಾಡುವ ಗೊಡವೆ ಇಲ್ಲ, ಬ್ಯಾಟರಿ ಮುಗಿಯಿತು ಅನ್ನೋ ಮಾತಿಲ್ಲ, ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದೂ ಬೇಡ. ಹಳೆಯ ಡೈನಮೋ ಟೈರಿಗೆ ಉಜ್ಜಿ ಗುರ್ ಅನ್ನುತ್ತಿತ್ತಲ್ಲ, ಅದೂ ಇಲ್ಲ. ನಿಂತಾಗ ಹಿಂದಿನ ದೀಪ ಆರಿಬಿಟ್ಟರೆ ಅಪಾಯ, ಅದಕ್ಕೆ ಒಳಗೆ ಸಣ್ಣ ಕೆಪಾಸಿಟರ್ ಇಟ್ಟಿರುತ್ತಾರೆ, ಸಿಗ್ನಲ್‌ನಲ್ಲಿ ಕಾಯುವಷ್ಟು ಹೊತ್ತು ಉರಿಯುತ್ತೆ. ಕತ್ತಲಾದ ಮೇಲೆ ಸುಮ್ನೆ ಇನ್ನೊಂದು ಸುತ್ತು ಹಾಕೋಣ ಅನ್ನಿಸಿದರೆ ಅಡ್ಡಿ ಏನೂ ಇಲ್ಲ. ಸಂಜೆ ಏಳರ ಹೊತ್ತಿಗೆ ಮನೆಗಳ ಒಳಗೆ ದೀಪ ಹಚ್ಚಿ ಇನ್ನೂ ಪರದೆ ಎಳೆದಿರುವುದಿಲ್ಲ. ಒಂದು ಕಿಟಕಿಯಲ್ಲಿ ಟಿವಿಯ ನೀಲಿ, ಇನ್ನೊಂದರಲ್ಲಿ ಗೋಡೆಗೆ ಬೆನ್ನು ಕೊಟ್ಟು ಹೋಂವರ್ಕ್ ಬರೆಯುತ್ತಿರುವ ಹುಡುಗಿ, ಮೂರನೆಯದರಲ್ಲಿ ಯಾರೋ ಕುರ್ಚಿ ಮೇಲೆ ನಿಂತು ಬಲ್ಬ್ ಬಿಚ್ಚುತ್ತಿದ್ದಾರೆ. ನಡೆದು ಹೋಗುತ್ತಾ ಹೀಗೆ ನೋಡಿದರೆ ಕೆಟ್ಟ ಅಭ್ಯಾಸ ಅಂತಾರೆ, ಸೈಕಲ್ ಮೇಲೆ ಹೋಗುವವನನ್ನು ಯಾರೂ ಕೇಳುವುದಿಲ್ಲ.

ಬ್ರೇಕ್ ಬಗ್ಗೆ ಮಿಶ್ರ ಅಭಿಪ್ರಾಯ. ಹಿಂದಿನ ಡ್ರಮ್ ಬ್ರೇಕ್ ಮುಚ್ಚಿದ ಡಬ್ಬಿಯೊಳಗೆ ಇರುವುದರಿಂದ ಮಳೆಗೂ ಬಿಸಿಲಿಗೂ ಒಂದೇ ಥರ. ಎಳೆದ ಕೂಡಲೇ ಕಚ್ಚುವುದಿಲ್ಲ, ನಿಧಾನವಾಗಿ ಹಿಡಿಯುತ್ತೆ. ಮುಂದಿನದು ಒಣ ದಿನದಲ್ಲಿ ಚುರುಕು, ಮಳೆಯಲ್ಲಿ ಸೋಮಾರಿ. ರಿಮ್ ಒದ್ದೆಯಾದಾಗ ಬ್ರೇಕಿನ ರಬ್ಬರು ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು, ಅಷ್ಟರಲ್ಲಿ ಮುಂದಿನ ಕಾರು ಹತ್ತಿರ ಬಂದಿರುತ್ತೆ. ಮಳೆಯಲ್ಲಿ ಸ್ವಲ್ಪ ಮುಂಚೆಯೇ ಬ್ರೇಕ್ ಹಿಡಿಯಿರಿ, ಬಿಳಿ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗಬೇಡಿ, ಅಷ್ಟು ಸಾಕು. ಮಳೆ ಬಂದಾಗ ಊರು ಬೇರೆಯೇ ಕಾಣುತ್ತೆ. ಅಂಗಡಿಗಳ ಸೂರಿನಡಿ ಪರಸ್ಪರ ಪರಿಚಯವಿಲ್ಲದ ಏಳೆಂಟು ಜನ ಗೋಡೆಗೆ ಅಂಟಿ ನಿಂತು ಒಂದೇ ಆಕಾಶ ನೋಡುತ್ತಿರುತ್ತಾರೆ. ಒಬ್ಬ ಫೈಲನ್ನು ಶರ್ಟಿನೊಳಗೆ ತುರುಕಿರುತ್ತಾನೆ, ಅವನ ಹೊಟ್ಟೆ ಚೌಕ. ಮಡ್‌ಗಾರ್ಡ್ ಇರುವುದರಿಂದ ನಮ್ಮ ಬೆನ್ನಿಗೆ ಕೆಸರಿನ ಗೆರೆ ಬೀಳುವುದಿಲ್ಲ. ಮಡ್‌ಗಾರ್ಡ್ ಇಲ್ಲದ ಸೈಕಲ್ಲನ್ನು ಊರಿಗೆ ಅಂತ ಮಾರುವವರ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ.

ಚೈನ್ ಕವರ್ ಕೂಡ ಹಾಗೇ. ಪ್ಯಾಂಟಿನ ಬಲಗಾಲು ಮಡಚುವುದು ಬೇಡ, ಸೀರೆ ಸೆರಗು ಸಿಕ್ಕುವ ಭಯ ಅರ್ಧಕ್ಕರ್ಧ ಕಡಿಮೆ, ಧೂಳು ಒಳಗೆ ಹೋಗದ್ದರಿಂದ ಎಣ್ಣೆ ಬಹಳ ದಿನ ಬಾಳುತ್ತೆ. ಆದರೆ ಕವರ್ ಸ್ವಲ್ಪ ಸೊಟ್ಟಗಾದರೆ ಒಳಗೆ ಚೈನ್ ತಾಗಿ ಟಣ್ ಟಣ್ ಶುರು. ಎಲ್ಲಿ ತಾಗುತ್ತಿದೆ ಅಂತ ಹುಡುಕುವುದು ತಲೆನೋವು. ನನ್ನದಕ್ಕೆ ಒಮ್ಮೆ ಹೀಗಾಗಿ, ಅದು ಸರಿಯಾಗುವವರೆಗೆ ಯಾವ ಬೀದಿಯಲ್ಲಿ ಏನಿತ್ತು ಅಂತ ನಾನು ನೋಡಿದ್ದೇ ನೆನಪಿಲ್ಲ.

ಸೀಟು ಚೆನ್ನಾಗಿಲ್ಲ. ಅಗಲ, ಮೆತ್ತಗೆ, ಅಂಗಡಿಯಲ್ಲಿ ಕೂತಾಗ ಸೋಫಾ. ಅರ್ಧ ಗಂಟೆ ಆದಮೇಲೆ ಆ ಮೆತ್ತೆಯೆಲ್ಲ ಬೇಡದ ಕಡೆ ಒತ್ತಲು ಶುರುಮಾಡುತ್ತೆ. ಸ್ವಲ್ಪ ಗಟ್ಟಿಯಾದ, ಕೂರುವ ಎಲುಬಿನ ಅಗಲಕ್ಕೆ ಸರಿಯಾದ ಸೀಟು ಹಾಕಿಸಿಕೊಂಡರೆ ಈ ರಗಳೆ ಇಲ್ಲ. ಎತ್ತರ ನೋಡಲು ಸುಲಭ ಉಪಾಯ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಚಿರುತ್ತೆ. ಊರಿನಲ್ಲಿ ಓಡಿಸುವ ಎಷ್ಟೋ ಜನರ ಸೀಟು ಇದಕ್ಕಿಂತ ಬಹಳ ಕೆಳಗಿರುತ್ತೆ, ಮಂಡಿ ಹೊಟ್ಟೆಗೆ ಬರುವಂತೆ ತುಳಿಯುತ್ತಾ ಸೈಕಲ್ ಭಾರ ಅಂತ ದೂರುತ್ತಾರೆ.

ನೆಟ್ಟಗೆ ಕೂತು ಆಚೀಚೆ ನೋಡುತ್ತಾ ಹೋಗುವವರಿಗೆ ಒಂದು ಎಚ್ಚರಿಕೆ. ನಿಲ್ಲಿಸಿದ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ. ಯಾರೋ ಹಿಂದೆ ನೋಡದೆ ಬಾಗಿಲು ತೆಗೆಯುತ್ತಾರೆ, ತೆಗೆದೇ ತೆಗೆಯುತ್ತಾರೆ. ಕಾರಿನೊಳಗೆ ತಲೆ ಕಂಡರೆ, ಹಿಂದಿನ ದೀಪ ಈಗಷ್ಟೇ ಆರಿದ್ದರೆ ಇನ್ನೂ ದೂರ. ಕಾರಿನಲ್ಲಿ ಕೂರುವ ನಿಮ್ಮ ಸ್ನೇಹಿತರಿಗೂ ಹೇಳಿ, ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆಗೆಯದೆ ಆಚೆ ಕೈಯಿಂದ ತೆಗೆಯಿರಿ ಅಂತ. ಆಗ ಮೈ ತಾನಾಗಿ ತಿರುಗುತ್ತೆ, ಕಣ್ಣು ಹಿಂದೆ ಹೋಗುತ್ತೆ. ಬೆಲ್ ಇಂಥಲ್ಲಿ ಏನೂ ಉಪಯೋಗಕ್ಕೆ ಬರುವುದಿಲ್ಲ, ಗಾಜು ಏರಿಸಿ ಹಾಡು ಕೇಳುವವರಿಗೆ ಟ್ರಿಣ್ ಅಂದರೆ ಏನು ಕೇಳುತ್ತೆ. ಬೆಲ್ ಇರುವುದು ಫೋನ್ ನೋಡುತ್ತಾ ರಸ್ತೆಗೆ ಇಳಿಯುವವರಿಗೆ, ಮತ್ತೆ ಕಾರಿನ ಬಾನೆಟ್ ಮೇಲೆ ಮಲಗಿರುವ ಬೆಕ್ಕಿಗೆ. ಬೆಕ್ಕು ಒಂದು ಕಿವಿ ಮಾತ್ರ ತಿರುಗಿಸುತ್ತೆ.

ಈಗ ಬೈಗುಳದ ಪಾಳಿ. 17 ಕೆಜಿ ರಸ್ತೆಯ ಮೇಲೆ ಗೊತ್ತಾಗುವುದಿಲ್ಲ, ಮೆಟ್ಟಿಲ ಮೇಲೆ ಗೊತ್ತಾಗುತ್ತೆ. ಬರಲು ಒಪ್ಪದ ಕರುವನ್ನು ಹೊತ್ತು ಹತ್ತಿದ ಹಾಗೆ: ಹ್ಯಾಂಡಲ್ ಒಂದು ಕಡೆ ತಿರುಗುತ್ತೆ, ಪೆಡಲ್ ಮೊಣಕಾಲಿಗೆ ಗುದ್ದುತ್ತೆ, ಸ್ಟ್ಯಾಂಡು ತಾನಾಗಿ ಬಿಚ್ಚಿಕೊಳ್ಳುತ್ತೆ. ಮೇಲಿನ ಮಹಡಿಯಲ್ಲಿ ಇರುವವರು, ಲಿಫ್ಟ್ ಇಲ್ಲದವರು ಇದನ್ನು ತಗೋಬೇಡಿ. ಮಡಚುವ ಸೈಕಲ್ ನೋಡಿ, ಅಥವಾ ಇಷ್ಟೆಲ್ಲ ಸಾಮಾನಿಲ್ಲದ ಹಗುರದ್ದು.

ಇನ್ನೊಂದು ತಕರಾರು ಹಿಂದಿನ ಚಕ್ರ. ಬಿಚ್ಚಬೇಕಾದರೆ ಗೇರಿನ ಕೇಬಲ್ ತೆಗೆಯಬೇಕು, ಬ್ರೇಕಿನ ಕೈ ಸಡಿಲಿಸಬೇಕು, ಚೈನ್ ಕವರಿನ ಹಿಂಭಾಗ ತೆರೆಯಬೇಕು, ಆಮೇಲೆ 15 ಮಿ.ಮೀ. ಪಾನಾದಿಂದ ನಟ್ಟು. ಪುನಃ ಜೋಡಿಸುವಾಗ ಚೈನಿನ ಬಿಗಿ, ಚಕ್ರ ನಡುವೆ ಬಂತಾ, ಕೇಬಲ್ ಹದ ಸರಿಯಿದೆಯಾ, ಎಲ್ಲ ನೋಡಬೇಕು. ಇದು ಅರ್ಧ ಭಾನುವಾರದ ಕೆಲಸ. ಹಾಗಾಗಿ ಪಂಕ್ಚರಿಗೆ ಚಕ್ರ ಬಿಚ್ಚುವುದೇ ಬೇಡ. ಟೈರಿನ ಒಂದು ಪಕ್ಕೆ ಮಾತ್ರ ರಿಮ್ಮಿನಿಂದ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ತೂತು ಹುಡುಕಿ, ಅಲ್ಲೇ ಪ್ಯಾಚ್ ಹಾಕಿ, ಒಳಗೆ ತಳ್ಳಿ. ಅದಕ್ಕಿಂತ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳೋ ಗಾಜೋ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಅದೇ ಜಾಗ. ರಸ್ತೆಬದಿಯಲ್ಲಿ ಸೈಕಲ್ ಮಲಗಿಸಿ ಇದನ್ನು ಮಾಡುತ್ತಿದ್ದರೆ ನಿಂತು ಸಲಹೆ ಕೊಡುವವರು ಖಂಡಿತ ಸಿಗುತ್ತಾರೆ. ಪಂಪ್ ಹಿಡಿದುಕೊಳ್ಳಿ ಅಂದರೆ ಅವರಿಗೆ ಕೆಲಸ ಜ್ಞಾಪಕಕ್ಕೆ ಬರುತ್ತೆ.

ಕ್ಯಾರಿಯರ್ ಗಟ್ಟಿ, ಒಳ್ಳೆಯದು. ಸ್ಟ್ಯಾಂಡ್ ಎರಡು ಕಾಲಿನದಾದ್ದರಿಂದ ಸಾಮಾನು ಹೇರಿದಾಗಲೂ ಬೀಳುವುದಿಲ್ಲ, ಮೆತ್ತನೆ ಮಣ್ಣಿನಲ್ಲಿ ಮಾತ್ರ ನಂಬಬೇಡಿ.

ಕೊಳ್ಳುವ ಮನಸ್ಸಿದ್ದರೆ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಸಾಕು ಅನ್ನಬೇಡಿ. ಹದಿನೈದು ನಿಮಿಷ ಕೇಳಿ ತಗೊಳ್ಳಿ. ನಿಂತು ಗೇರು ಬದಲಿಸಿ, ಹೊರಡುವಾಗ ಪೆಡಲ್ ಪೊಳ್ಳಾಗಿ ತಿರುಗುತ್ತಾ ನೋಡಿ. ಪೊಳ್ಳು ಹೊಡೆದರೆ ಕೇಬಲ್ ಹದ ತಪ್ಪಿದೆ, ಹೆಚ್ಚಿನ ಸಲ ಅಲ್ಲೇ ಎರಡು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾರೆ. ಸರಿಮಾಡಲು ಬರುವುದಿಲ್ಲ ಅಂದರೆ ಅಂಗಡಿ ಬದಲಿಸಿ, ಯಾಕೆಂದರೆ ಹಬ್ ಗೇರು ಗೊತ್ತಿಲ್ಲದ ಕಡೆ ಮುಂದೆ ಸರ್ವಿಸ್‌ಗೂ ಪರದಾಟ. ಒಂದು ಏರು, ಒಂದು ಹಾಳು ರಸ್ತೆ, ಒಂದು ಸಿಗ್ನಲ್ ಇರುವ ದಾರಿ ಹಿಡಿಯಿರಿ. ವಾಪಸ್ ಬಂದಮೇಲೆ ಅಂಗಡಿಯವರು ಗಾಡಿ ಹೇಗಿತ್ತು ಅಂತ ಕೇಳಿದಾಗ ನಿಮಗೆ ಮೊದಲು ನೆನಪಿಗೆ ಬಂದದ್ದು ಸೀಟಾ, ಗೇರಾ, ಇಲ್ಲಾ ದಾರಿಯಲ್ಲಿ ಯಾರೋ ಬಕೆಟ್ ಹಿಡಿದು ಟೆರೇಸಿನ ಅಂಚಿಗೆ ಬಂದು ಕೆಳಗೆ ನೋಡುತ್ತಿದ್ದದ್ದಾ ಅಂತ ಗಮನಿಸಿ. ಬಕೆಟ್ ಆಗಿದ್ದರೆ ಚೌಕಾಸಿ ಶುರುಮಾಡಬಹುದು.